ಮೂಲೆ ಮಡಚಿದ ಹಾಳೆ

ಪಾತೇಲಿಯಲ್ಲಿ ಬಾಟಲಿ ಕುದಿಯುತ್ತಿದೆ, ತಳಕ್ಕೆ ಕಟಕಟ ಬಡಿದುಕೊಳ್ಳುತ್ತಿದೆ, ಬೇರಿಂಗ್ ಸವೆದ ಮೋಟಾರಿನದೇ ಸದ್ದು, ಅದರ ಮೇಲೆ ರಾಚವ್ವತ್ತಿಯ ದನಿ, ಹಡಿಯೂದೇನೋ ಹಡದಿ ಮೀನಾ, ಕುಡಸಾವ್ರು ಯಾರವಾ, ನಿನ್ನ ಗಂಡ ಕುಡಸ್ತಾನೇನ? — ನಗು, ಪಡಸಾಲೆ ತುಂಬ ನಗು, ತೊಟ್ಟಿಲ ಸುತ್ತ ಕೂತ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿ ನಗುತ್ತಿದ್ದಾರೆ, ನಾನು ಹೊಸ್ತಿಲಲ್ಲಿ ಗುಗ್ಗರಿಯ ಪರಾತ ಹಿಡಿದು ನಿಂತಿದ್ದೇನೆ, ಅತ್ತಿ ಅಷ್ಟಕ್ಕೇ ಬಿಡುವವಳಲ್ಲ, ನಮ್ಮಪ್ಪನ ಅಕ್ಕ, ಬೈಲಹೊಂಗಲದಿಂದ ಇಲ್ಲಿ ರಾಮದುರ್ಗಕ್ಕೆ, ಮೀನಾಳ ತವರಿನ ತನಕ ಬಸ್ಸಿನಲ್ಲಿ ಕೂತು ಬಂದದ್ದೇ ಇದಕ್ಕೆ ಎನ್ನುವ ಹಾಗೆ, ನಮ್ಮನ್ಯಾಗಿನ ಎಮ್ಮಿನರ ಕರಕ್ಕ ಒಂದ ಮಲಿ ಬಿಡತೈತಿ, ಹದಿಮೂರ ದಿನದ ಕೂಸಿನ ಬಾಯಾಗ ಬಾಟಲಿ ಇಡತಾಳ, ಮೈಮಾಟ ಕೆಟ್ಟೀತು ಅಂತ ಅಂಜಿಕಿ ಇರಬೇಕು — ಮೈಮಾಟ! ಮೀನಾ ತಲೆ ಎತ್ತಲಿಲ್ಲ, ಬಾಣಂತಿಯ ತಲೆಬಟ್ಟೆ ಹುಬ್ಬಿನ ತನಕ ಇಳಿದಿದೆ, ಸೆರಗಿನೊಳಗೆ ಕೂಸನ್ನು ಎಡಕ್ಕೆ ಹಚ್ಚಿಕೊಂಡಿದ್ದಾಳೆ, ಎಡಕ್ಕೆ ಅಷ್ಟಿಷ್ಟು ಬರುತ್ತದೆ, ಬಲಕ್ಕೆ ಏನೂ ಇಲ್ಲ, ಕೂಸು ಐದಾರು ಸಲ ಚೀಪುತ್ತದೆ, ಬಿಡುತ್ತದೆ, ಮುಖ ಕೆಂಪು ಮಾಡಿಕೊಂಡು ಚೀರುತ್ತದೆ, ಅಷ್ಟು ಸಣ್ಣ ಗಂಟಲಿಗೆ ಅಷ್ಟು ಸಿಟ್ಟು ಎಲ್ಲಿಂದ ಬಂತು, ನನ್ನದೇ ಇರಬೇಕು. ಅವಳ ಅವ್ವ ಭಾಗೀರಥಿ ಒಲೆಯ ಮುಂದೆ ಕೂತು ಬಾಟಲಿಯನ್ನು ಇಕ್ಕಳದಿಂದ ಎತ್ತುತ್ತಿದ್ದಾಳೆ, ಹನ್ನೆರಡು ದಿನದಿಂದ ಮಗಳಿಗೆ ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತ್ಯ, ಅಂಟಿನುಂಡಿ, ಮೀನಾ ಎಲ್ಲವನ್ನೂ ನುಂಗಿದಳು, ಮೊನ್ನೆ ನಾನು ಬಂದಾಗ ಗೋಡೆಯ ಕಡೆ ತಿರುಗಿ ಹೇಳಿದಳು, ನನ್ನ ಮೈಯಾಗ ಏನೋ ಕಡಿಮಿ ಐತ್ರಿ, ದೇವರು ಕೂಸನ್ನ ಕೊಟ್ಟ, ಹಾಲು ಕೊಡೂದು ಮರತ. ದೇವರು ಮರೆತಿಲ್ಲ ಮೀನಾ, ದೇವರಿಗೆ ಇದರಲ್ಲಿ ಕೆಲಸವೇ ಇಲ್ಲ. ಅತ್ತಿ, ಬಾಯಿ ಮುಚ್ಚರಿ, ತಪ್ಪು ಅಕೀದಲ್ಲ, ನಂದು — ನಾಲಿಗೆಯ ತುದಿಗೆ ಬಂತು, ಅಲ್ಲೇ ಕೂತಿತು, ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಮೀನಾಳನ್ನು ನೋಡಿ ಸೀಟಿ ಹೊಡೆದವನ ದವಡೆಗೆ ನಟ್ಟು ಬಿಚ್ಚುವ ಪಾನಾ ಬೀಸಿದವನು ನಾನು, ಯಾರ ಮಾತನ್ನೂ ಸುಮ್ಮನೆ ಕೇಳಿಸಿಕೊಂಡವನಲ್ಲ, ಈಗ ಕೈಯಲ್ಲಿನ ಪರಾತ ಓರೆಯಾಗುತ್ತದೆ, ಕಡಲೆಕಾಳು ಒಂದೊಂದೇ ಉರುಳುತ್ತವೆ, ಹೊಡೆಯಬೇಕಾದವನು ಎದುರಿಗೆ ಇದ್ದರೆ ತಾನೇ ಹೊಡೆಯುವುದು, ಆ ಹಾಳೆ, ಮೂಲೆ ಮಡಚಿದ ಆ ಹಾಳೆ, ನರ್ಸಿನ ಎರಡು ಬೆರಳ ನಡುವೆ.

ಮೀನಾಳದು ಬೆನ್ನಿನ ಆಪರೇಶನ್ ಅಂತ ಎಲ್ಲರಿಗೂ ಹೇಳಿದ್ದೆವು, ಅತ್ತಿಗೂ ಹಾಗೇ ಗೊತ್ತು, ಪೂರ್ತಿ ಸುಳ್ಳಲ್ಲ, ಬೆನ್ನಿಗಾಗಿಯೇ ಮಾಡಿಸಿದ್ದು, ಎದೆಯ ಆ ಭಾರ ಹೊತ್ತು ಅವಳು ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂತಿರುತ್ತಿದ್ದಳು, ಎದ್ದರೆ ಸೊಂಟ ಹಿಡಿದುಕೊಂಡೇ ಏಳುವುದು, ಹೆಗಲ ಮೇಲೆ ಎರಡು ಗುಂಡಿ, ಒಳಕುಪ್ಪಸದ ಪಟ್ಟಿ ಒತ್ತಿ ಒತ್ತಿ ಬಿದ್ದವು, ನನ್ನ ಹೆಬ್ಬೆರಳು ಕೂರುವಷ್ಟು ಆಳ, ಕೊಬ್ಬರಿ ಎಣ್ಣೆ ಹಚ್ಚುವಾಗ ಅವಳು ಹಲ್ಲು ಕಚ್ಚುತ್ತಿದ್ದಳು, ಇದನ್ನ ತಗದ ಒಗೀಬೇಕ್ರಿ, ನಗುತ್ತಾ ಅನ್ನುತ್ತಿದ್ದಳು, ನಗುತ್ತಾ ಅಳುತ್ತಿದ್ದಳು. ವಿಚಾರಿಸಿದ್ದು ನಾನೇ, ಎದೆಯ ಭಾರ ಕೊಯ್ದು ಕಡಿಮೆ ಮಾಡುವ ಡಾಕ್ಟರು ಬೆಳಗಾವಿಯಲ್ಲಿ ಇದ್ದಾರಂತೆ ಅಂತ ಕರೆದುಕೊಂಡು ಹೋದದ್ದು ನಾನೇ, ಜೀವನದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ, ಅದನ್ನೂ ಹೀಗೆ ಮಾಡಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಮಾಸ್ತರ ಬೈದದ್ದಕ್ಕೆ ಪಾಟಿ ಅವರ ಕಾಲ ಬುಡಕ್ಕೇ ಎಸೆದು ಬಂದವನು, ಸೀದಾ ಮೋಟಾರ್ ರಿವೈಂಡಿಂಗ್ ಅಂಗಡಿಗೆ, ರೈತರು ಸುಟ್ಟ ಮೋಟಾರು ತಂದು ಇಳಿಸಿದರೆ ಅದರ ಮೇಲಿನ ಇಂಗ್ಲಿಷ್ ಬರಹದ ತಗಡಿನ ಪಟ್ಟಿಯನ್ನು ಅಂಗಿಯಿಂದ ಒರೆಸುತ್ತೇನೆ, ಬೆರಳು ಇಟ್ಟು ಸಾಲು ಸಾಲಾಗಿ ಇಳಿಸುತ್ತೇನೆ, ಹೂಂ ಎಂದು ತಲೆ ಆಡಿಸುತ್ತೇನೆ, ತಿಳಿಯುವುದು ಅಂಕಿ ಮಾತ್ರ, ಉಳಿದದ್ದನ್ನು ಮೂಗು ಹೇಳುತ್ತದೆ, ಸುಟ್ಟ ವಾರ್ನಿಶಿನ ವಾಸನೆಯಲ್ಲಿ ಎಲ್ಲ ಬರೆದಿರುತ್ತದೆ, ಆದರೆ ಸವದತ್ತಿ ಕಡೆಯ ಹಳ್ಳಿಗಳ ತನಕ ಹೆಸರು, ನಮ್ಮ ಕಾಂತೇಶಗ ಇಂಗ್ಲಿಷ್ ಬರತೈತಿ. ಆ ಹೆಸರು ಇಟ್ಟುಕೊಂಡು ದವಾಖಾನೆಗೆ ಹೋದೆ. ಡಾಕ್ಟರು ಚಿತ್ರ ಬರೆದು ಏನೇನೋ ಹೇಳಿದರು, ಅರ್ಧ ಕನ್ನಡ ಅರ್ಧ ಇಂಗ್ಲಿಷು, ಮೀನಾ ನಾಚಿಕೆಯಿಂದ ನೆಲ ನೋಡುತ್ತಿದ್ದಳು, ನಾನು ತಲೆ ಆಡಿಸುತ್ತಿದ್ದೆ, ಹೊರಗೆ ನರ್ಸ್ ಕಾಗದ ಕೊಟ್ಟಳು, ಎಲ್ಲಾ ಇದ್ರಾಗ ಐತ್ರಿ, ಮುಂದ ಏನೇನ ಆಗಬಹುದು ಅಂತ, ಇಬ್ಬರೂ ಓದಿ ಸಹಿ ಮಾಡ್ರಿ, ತಿಳೀಲಿಲ್ಲಂದ್ರ ಮತ್ತ ಒಳಗ ಹೋಗಿ ಕೇಳ್ರಿ. ಇಂಗ್ಲಿಷು, ಮೇಲಿಂದ ಕೆಳಗೆ ಇಂಗ್ಲಿಷು, ಒಂದು ಅಂಕಿ ಕೂಡ ಇಲ್ಲ ಹಿಡಿದುಕೊಳ್ಳಲು, ಬೆರಳು ಇಟ್ಟು ಇಳಿಸಿದೆ, ಹೂಂ ಅಂದೆ, ನರ್ಸ್ ನನ್ನ ಬೆರಳನ್ನು ನೋಡುತ್ತಿದ್ದಳು, ಬೆರಳು ಬಹಳ ಬೇಗ ಇಳಿಯಿತೋ ಏನೋ, ಮೆಲ್ಲಗೆ ಖಾನೆ ಎಳೆದು ಇನ್ನೊಂದು ಹಾಳೆ ತೆಗೆದಳು, ಝೆರಾಕ್ಸ್ ಮಾಡಿದ್ದು, ಮೂಲೆ ಮಡಚಿತ್ತು, ಎರಡು ಬೆರಳಲ್ಲಿ ಹಿಡಿದು ಚಾಚಿದಳು, ಕನ್ನಡದ್ದೂ ಐತ್ರಿ, ಬೇಕೇನ್ರಿ? ದೊಡ್ಡ ದೊಡ್ಡ ಅಕ್ಷರ, ನಾನು ಓದಬಹುದಾದ ಅಕ್ಷರ, ನನ್ನ ಹಿಂದೆ ಇಸ್ತ್ರಿ ಅಂಗಿಯವನೊಬ್ಬ ಪಾಳಿಗೆ ನಿಂತಿದ್ದ, ಅವನು ಇತ್ತ ನೋಡಿದ, ಅಷ್ಟೇ, ಯಾರವನು, ಎಲ್ಲಿಯವನು, ಇವತ್ತಿಗೂ ಗೊತ್ತಿಲ್ಲ, ಅವನಿಗಾಗಿ ಅಂದೆ, ಬ್ಯಾಡ್ರಿ ಸಿಸ್ಟರ್, ಇಂಗ್ಲಿಷ್ ಬರತೈತಿ ನಮಗ. ಹಾಳೆ ಖಾನೆಯೊಳಗೆ ಹೋಯಿತು. ಬೆಂಚಿನ ಮೇಲಿಂದ ಮೀನಾ ಕೇಳಿದಳು, ಏನ್ ಬರದಾರ್ರಿ? ಏನಿಲ್ಲ, ಎಲ್ಲಾರ ಕಡೇನೂ ಬರಸ್ಕೋತಾರ, ಒಪ್ಪಿಗಿ ಐತಿ ಅಂತ, ಇಲ್ಲಿ ಮಾಡು ಸಹಿ. ಮಾಡಿದಳು. ಕನ್ನಡದಲ್ಲಿ ಹತ್ತನೆಯದು ಪಾಸಾದವಳು, ಒಂದು ಕುಪ್ಪಸದ ಅಳತೆಯನ್ನು ಎರಡು ಸಲ ಹಿಡಿದು ನೋಡದೆ ಕತ್ತರಿ ಇಡದವಳು, ಆ ಹಾಳೆ ಅವಳ ಕೈಗೆ ಹೋಗಿದ್ದರೆ ಒಂದು ಅಕ್ಷರ ಬಿಡುತ್ತಿರಲಿಲ್ಲ, ನಾನು ಓದಿದ್ದೇನೆ ಎಂದು ಅವಳು ಓದಲಿಲ್ಲ.

ಆಮೇಲೆ ಅವಳು ಓಡಿದ್ದೂ ಖರೆ, ಗಾಯ ಮಾಗಿ ಕೆಲವು ತಿಂಗಳಾಗಿತ್ತು, ಯಲ್ಲಮ್ಮನ ಗುಡ್ಡಕ್ಕೆ ಹೋಗುವುದಿತ್ತು, ಸವದತ್ತಿ ಬಸ್ಸು ಆಗಲೇ ಹೊರಟಿತ್ತು, ನಿಲ್ಲಸ್ರೀ ಎಂದು ಕೂಗುತ್ತಾ ಓಡಿದಳು, ಎರಡೂ ಕೈ ಬೀಸಿಕೊಂಡು, ಮೊದಲೆಲ್ಲ ಎದೆಗೆ ಕೈ ಕಟ್ಟಿಕೊಳ್ಳದೆ ನಾಲ್ಕು ಹೆಜ್ಜೆ ಬೇಗ ಇಟ್ಟವಳಲ್ಲ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಡುತ್ತಾ ನಕ್ಕಳು, ನೋಡಿದ್ರೇನು, ನಾ ಓಡಿದೆ! ಆ ನಗುವಿನ ಮುಂದೆ ಯಾವ ಕಾಗದ ನೆನಪಿಗೆ ಬರಬೇಕು, ಬರಲಿಲ್ಲ, ಮೂರು ವರ್ಷ ಬರಲಿಲ್ಲ, ನಿನ್ನೆ ಬಂತು, ಇಲ್ಲಿಯ ಡಾಕ್ಟರಮ್ಮ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ, ಮೀನಾಳ ಗಾಯದ ಗೆರೆ ನೋಡಿ, ಎಷ್ಟು ಸುಲಭವಾಗಿ ಹೇಳಿದಳು, ಆಪರೇಶನ್ದಾಗ ಹಾಲಿನ ನಾಳ ಕೆಲವು ಕಟ್ಟಾಗಿರ್ತಾವ್ರಿ, ಬಂದಷ್ಟು ಬರತೈತಿ, ಎದಿಗೂ ಹಚ್ಚರಿ, ಕಡಿಮಿ ಬಿದ್ದದ್ದು ಬಾಟಲಿ, ಕೂಸು ಚಲೋ ಬೆಳೀತೈತಿ, ಅಂಜಬ್ಯಾಡ್ರಿ, ನಿಮಗ ಮೊದಲ ಹೇಳಿ ಸಹಿ ತಗೊಂಡಿರ್ತಾರಲ್ಲ? ಮೀನಾ ನನ್ನ ಕಡೆ ನೋಡಿದಳು, ನಾನು ತಕ್ಕಡಿ ನೋಡಿದೆ. ತುಂಡಾದ ತಂತಿ ಹುಡುಕಿ ಬೆಸೆದು ನೀರು ಎತ್ತಿಸುವುದೇ ನನ್ನ ಕೆಲಸ, ಎಷ್ಟು ಹೊಲಗಳಿಗೆ ನೀರು ಬಿಡಿಸಿದ್ದೇನೆ — ಈಗ ಹೆಂಗಸರು ಜೋಗುಳ ಶುರು ಮಾಡಿದ್ದಾರೆ, ಕೂಸು ತೊಟ್ಟಿಲಿಗೆ ಹೋಯಿತು, ಬಾಯಲ್ಲಿ ಬಾಟಲಿ, ಗುಟಕು ಗುಟಕು, ನಕ್ಕ ಬಾಯಿಯಿಂದಲೇ ರಾಚವ್ವತ್ತಿ ಕೂಸಿನ ಕಿವಿಯಲ್ಲಿ ಹೆಸರು ಕೂಗಿದಳು, ಶಿವಾನಿ, ಶಿವಾನಿ, ಯಾರೋ ನನ್ನ ಕೈಯಿಂದ ಪರಾತ ಇಸಿದುಕೊಂಡರು, ಮೀನಾ ಗೋಡೆ ಹಿಡಿದು ಹೊಸ್ತಿಲ ತನಕ ಬಂದಿದ್ದಾಳೆ, ಕುಪ್ಪಸದ ಎಡಕ್ಕೆ ಒಂದು ನಾಣ್ಯದಷ್ಟು ಒದ್ದೆ, ಅಷ್ಟೇ ಅಷ್ಟು, ಅತ್ತಿ ಮಾತಿಗೆ ಸಿಟ್ಟಾಗಬ್ಯಾಡ್ರಿ, ಅಕೀಗೇನ ಗೊತ್ತು, ನಾ ಒಂದ ಕೇಳತೇನಿ, ಖರೇ ಹೇಳ್ರಿ, ಆ ಕಾಗದದಾಗ ಇದು ಇತ್ತೇನು? ಇದ್ದದ್ದು ಗೊತ್ತಿದ್ರೂ ನಾ ಹೂಂ ಅಂತಿದ್ನೇನೋ, ನನ್ನ ಬೆನ್ನ ನನಗ ಗೊತ್ತು, ಆದ್ರ ಹೂಂ ಅನ್ನಾಕಿ ನಾನಾಗಬೇಕಿತ್ತಲ್ರಿ, ನೀವು ಓದಿದ್ರಲ್ಲ, ಇತ್ತೇನ್ರಿ? ಸಿಟ್ಟಿಲ್ಲ ಆ ದನಿಯಲ್ಲಿ, ಬೈದಿದ್ದರೆ ನಾನೂ ಬೈಯುತ್ತಿದ್ದೆ, ಒದರುತ್ತಿದ್ದೆ, ಅದು ನನಗೆ ಬರುತ್ತದೆ, ನಾನು ಖರೇ ಹೇಳಲೆಂದೇ ಬಾಗಿಲು ತೆರೆದು ನಿಂತ ಹಾಗೆ ನಿಂತಿದ್ದಾಳೆ, ಓದಲಿಲ್ಲ ಮೀನಾ, ಓದಲು ಬರಲಿಲ್ಲ, ಎರಡೇ ಮಾತು ಹೇಳಿದರೆ ಸಾಕು, ನಾನು ಚಪ್ಪಲಿ ಹುಡುಕುತ್ತಿದ್ದೇನೆ, ಕಾಲಿಗೆ ಸಿಗುತ್ತಿಲ್ಲ, ಒಂದು ಸಿಕ್ಕಿತು, ಇನ್ನೊಂದು ಯಾರದೋ, ಮೆಟ್ಟಿಲು, ಓಣಿ, ರೀ, ಇತ್ತೇನ್ರಿ, ಬೆನ್ನ ಹಿಂದೆ ಅವಳು, ತಿರುಗುವುದಿಲ್ಲ, ಓಣಿ ಮುಗಿದರೆ ಹೊಳೆಯ ದಾರಿ, ಇಂಗ್ಲಿಷ್ ಬರತೈತಿ ನಮಗ, ನಡೆಯುತ್ತಿದ್ದೇನೆ, ಎರಡು ಬೆರಳು, ಕನ್ನಡದ್ದೂ ಐತ್ರಿ, ಮೂಲೆ ಮಡಚಿದ ಹಾಳೆ, ಬೇಕೇನ್ರಿ, ದೊಡ್ಡ ದೊಡ್ಡ ಅಕ್ಷರ, ಬೇಕೇನ್ರಿ, ಎರಡು ಬೆರಳ ನಡುವೆ, ಚಾಚಿದ ಹಾಗೆಯೇ, ಆ ಹಾಳೆ