ತಪ್ಪಿಲ್ಲದ ಕುದುರೆ

ಗಂಡನ ಅಣ್ಣನ ಹೆಸರನ್ನು ನಾವು ಹೆಂಗಸರು ಬಾಯಲ್ಲಿ ಎತ್ತುವಂತಿಲ್ಲ. ಹಾಗಾಗಿ ಭಾವ ಎಂದೇ ಹೇಳುತ್ತೇನೆ. ಅಟ್‌ಬಾಶಿ ಸಂತೆಯವರೆಗೆ ಯಾರನ್ನು ಕೇಳಿದರೂ ಅವರು ಗೊತ್ತು. ಹರೆಯದಲ್ಲಿ ಕೋಕ್‌ಬೋರು ಆಟವಾಡುವಾಗ, ಓಡುವ ಕುದುರೆಯ ಮೇಲಿಂದಲೇ ಬಗ್ಗಿ ಮೇಕೆಯ ಮುಂಡವನ್ನು ನೆಲದಿಂದ ಎತ್ತಿಕೊಂಡು ಹೋದವರು. ಅದು ಯಾವ ಕಾಲದ ಮಾತೋ ಏನೋ, ಅವರ ಮನೆಯಲ್ಲಿ ಮಾತ್ರ ದಿನಾ ಚಹಾದ ಜೊತೆ ಬಿಸಿಬಿಸಿಯಾಗಿ ಬಡಿಸುತ್ತಾರೆ.

ಹೋದ ವರ್ಷ ಹುಲ್ಲು ತುಂಬಿದ ಲಾರಿಯ ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ನಡೆಯುವಾಗ ಅದು ಕಾಣುವುದಿಲ್ಲ. ಕುದುರೆ ಏರಿದರೆ ಮಾತ್ರ ಪೂರಾ ಎಡಕ್ಕೆ ವಾಲುತ್ತಿದ್ದರು. ಊರಿಗೆ ಊರೇ ನೋಡಿತು. ನಾನೂ ನೋಡಿದೆ, ನಮ್ಮವರೂ ನೋಡಿದರು. ಆದರೆ ಹಿರಿಯರಿಗೆ 'ನೀವು ಡೊಂಕು ಕೂತಿದ್ದೀರಿ' ಅನ್ನುವುದೆಂದರೆ ನಮ್ಮಲ್ಲಿ 'ನಿಮ್ಮ ಕಾಲ ಮುಗಿಯಿತು' ಎಂದ ಹಾಗೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಸುಮ್ಮನಿರದೆ ಹೋದದ್ದು ಜೀರ್ದೆ ಒಂದೇ. ಜೀರ್ದೆ ಭಾವನ ಕೆಂಪು ಕುದುರೆ. ಆ ಮನೆಗೆ ಉಳಿದಿದ್ದ ಒಂದೇ ಒಂದು ಕುದುರೆ. ತಾಯಿ ಸತ್ತ ಮರಿಗೆ ಭಾವನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ಅವರು ಕೂಗಿದರೆ ಗುಡ್ಡದ ಆಚೆಯಿಂದ ಓಡಿ ಬರುತ್ತಿತ್ತು. ಈಗ ಜೀನು ಕಂಡರೆ ಸಾಕು, ಕಿವಿ ಹಿಂದಕ್ಕೆ ಮಡಚಿ, ಹಲ್ಲು ಕಿರಿದು, ನಿಂತಲ್ಲೇ ಸುತ್ತು ಹಾಕುತ್ತಿತ್ತು. ಭಾವ ಚಾವಟಿ ಎತ್ತಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಭಾವನ ಸೊಸೆ ಐಜಾರ್ಕಿನ್ ಮದುವೆಗೆ ಮುಂಚೆ ಬಿಷ್ಕೆಕ್‌ನಲ್ಲಿ ಪೇಟೆಯ ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಿದ್ದಳು. ಆ ಸುದ್ದಿ ಊರಿಗೆ ಬಂದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಸವಾರಿಗೂ ಪಾಠವೇ? ಹೀಗೇ ಬಿಟ್ಟರೆ ಉಸಿರಾಡುವುದಕ್ಕೂ ಮೇಷ್ಟ್ರನ್ನು ಇಡುತ್ತಾರೆ! ಭಾವ ಮಾತ್ರ ನಕ್ಕಿರಲಿಲ್ಲ. ಅವರಿಗೆ ಅದು ಮಾನ ಹೋಗುವ ವಿಷಯ. ಯಾರಾದರೂ ಕೇಳಿದರೆ 'ನಮ್ಮ ಸೊಸೆ ಶಾಲೆಯಲ್ಲಿದ್ದಳು' ಅಂತ ಹೇಳಿ ಮಾತು ತೇಲಿಸಿಬಿಡುತ್ತಿದ್ದರು.

ಈ ಶರತ್ಕಾಲದಲ್ಲಿ ಒಂದು ಬೆಳಿಗ್ಗೆ ಜೀರ್ದೆ ಅವರನ್ನು ಅಂಗಳದಲ್ಲೇ ಕೆಡವಿತು, ಗಂಡಸರೆಲ್ಲ ನೋಡುತ್ತಿರುವಾಗ. ಬೇಲಿಗೆ ಒರಗಿದ್ದವರಲ್ಲಿ ಶಾರ್ಶೆನ್ ಇದ್ದ. ಚಳಿಗಾಲ ಬಂದರೆ ಮಾಂಸಕ್ಕೆಂದು ಊರವರ ಕುದುರೆಗಳನ್ನು ಕೊಯ್ದು ಕೊಡುವವನು ಅವನೇ. ನಾಲಗೆಯೂ ಚಾಕುವಿನಷ್ಟೇ ಚೂಪು.

"ಅಣ್ಣಾ, ಇದಕ್ಕೆ ಕೊಬ್ಬು ಜಾಸ್ತಿ ಆಗಿದೆ. ಈ ಚಳಿಗಾಲದ ಮಾಂಸಕ್ಕೆ ಇದನ್ನೇ ಕೊಯ್ಸಿಬಿಡಿ. ಬೆನ್ನ ಮೇಲೆ ಕೂರಿಸ್ಕೊಳ್ದೆ ಇದ್ರೆ ಹೋಗ್ಲಿ, ನಿಮ್ಮ ಹೊಟ್ಟೇಲಿ ಅದೇ ಬಂದು ಕೂತ್ಕೊಳ್ಳುತ್ತೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಚಹಾ ತಂದಿದ್ದ ಐಜಾರ್ಕಿನ್ ನಗಲಿಲ್ಲ.

"ಅಪ್ಪಾ, ಅದರದ್ದು ತಪ್ಪಿಲ್ಲ," ಅಂದಳು. ಮೆಲ್ಲಗೇ ಅಂದಳು, ಆದರೆ ಎಲ್ಲರಿಗೂ ಕೇಳಿಸಿತು. "ನೀವು ಎಡಕ್ಕೆ ವಾಲಿ ಕೂತ್ಕೋತಿದ್ದೀರಿ. ಜೀನು ಒಂದೇ ಕಡೆ ಒತ್ತಿ ಒಳಗೆ ನೋವಾಗಿದೆ ಅನ್ಸುತ್ತೆ. ಒಂದ್ಸಲ ಬೆನ್ನು ಮುಟ್ಟಿ ನೋಡ್ಲಾ?"

"ಯಾರು ವಾಲಿದ್ದು?"

"ನಮ್ಮ ಬೆನ್ನು ನಮಗೆ ಕಾಣಲ್ಲ ಅಪ್ಪಾ. ಅಲ್ಲಿ ನಾನೂ ವಾರವಾರ ಇನ್ನೊಬ್ರ ಕೈಲಿ ನೋಡಿಸ್ಕೋತಿದ್ದೆ. ಕಲಿಸೋರಿಗೂ ಹೇಳೋರು ಒಬ್ರು ಬೇಕಾಗುತ್ತೆ."

ಭಾವನ ಮುಖ ಕೆಂಪಾಗಿ ಕಪ್ಪಾಯಿತು. "ನೋಡ್ರಪ್ಪಾ, ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸ್ತಾ ಇದ್ದಾಳೆ! ನಡೆಯೋಕ್ ಬರೋ ಮುಂಚೆ ಜೀನು ಹತ್ತಿದೋನು ನಾನು. ಪೇಟೆ ಮಕ್ಕಳ ಮೂಗು ಒರೆಸಿ ಬಂದೋಳು ನನಗೆ ಕೂರೋದು ಹೇಳ್ಕೊಡ್ತಾಳಂತೆ! ಲೋ ಶಾರ್ಶೆನ್, ನಾಳೆ ಚಾಕು ಮಸ್ಕೊಂಡು ಬಾ."

"ಅಯ್ಯೋ ಅಣ್ಣಾ, ನಾನು ತಮಾಷೆಗೆ ಅಂದೆ. ಚಳಿ ಇನ್ನೂ ಗಟ್ಟಿಯಾಗಿ ಬಿದ್ದಿಲ್ಲ, ಮಾಂಸ ಕೆಟ್ಟುಹೋಗುತ್ತೆ."

"ಬಾ ಅಂದೆ!"

ಒಳಗೆ ಬಂದ ಮೇಲೆ ನಾನು ಐಜಾರ್ಕಿನ್‌ಗೆ ಬೈದೆ. "ಅಷ್ಟು ಜನ ಗಂಡಸರ ಎದುರಿಗೆ ಅನ್ನಬೇಕಿತ್ತೇನೇ? ಮನೆ ಒಳಗೆ ಹೇಳಬಾರದಿತ್ತಾ?"

"ಒಳಗೆ ಎಷ್ಟು ಸಲ ಹೇಳ್ಲಿ ಚಿಕ್ಕತ್ತೆ? ಕಿವಿಗೇ ಹಾಕ್ಕೊಳ್ಳಲ್ಲ ಅವರು. ಮೊದಲಿಂದ ನೋಡಿದೋರು ನೀವು. ನೀವ್ಯಾಕೆ ಹೇಳ್ಲಿಲ್ಲ?"

ನಾನು ತಲೆ ತಗ್ಗಿಸಿ ಹಿಟ್ಟು ಕಲಸುವುದಕ್ಕೆ ಕೂತೆ.

ಮರುದಿನ ಜೀರ್ದೆಯನ್ನು ಯಾರೂ ಎಳೆದು ತರಬೇಕಾಗಲಿಲ್ಲ. ಭಾವ ಕೂಗಿದರು, ಅದು ತಾನಾಗಿಯೇ ಬಂತು. ಅವರ ಕೈಯಲ್ಲಿ ಆವತ್ತು ಜೀನು ಇರಲಿಲ್ಲವಲ್ಲ. ಕಾಲು ಕಟ್ಟಿ ಮಲಗಿಸಿದರು. ಚಾಕು ಇಡುವ ಮೊದಲು ಯಜಮಾನನಾದವನು ಅಂಗೈ ಚಾಚಿ ಪ್ರಾಣಿಗೆ ಒಂದು ಮಾತು ಹೇಳಬೇಕು: 'ನಿನ್ನದು ತಪ್ಪಿಲ್ಲ, ನಮಗೆ ಬೇರೆ ಊಟವಿಲ್ಲ.' ನಾವು ಹುಟ್ಟಿದಾಗಿನಿಂದ ಕೇಳಿದ ಮಾತು, ಅರ್ಥದ ಕಡೆ ಯಾರಿಗೂ ಗಮನವಿರುವುದಿಲ್ಲ. ಆವತ್ತು ಭಾವ 'ನಿನ್ನದು' ಎಂದವರು ಅಲ್ಲೇ ನಿಂತುಬಿಟ್ಟರು. ಸೊಸೆ ಅಂದದ್ದೂ ಅದೇ ತಾನೇ! ಅವರು ಅಲ್ಲಿಗೇ ಬಿಡಬಹುದಿತ್ತು, 'ಹಗ್ಗ ಬಿಚ್ಚಿ' ಅನ್ನಬಹುದಿತ್ತು. ಆದರೆ ಅಷ್ಟೂ ಗಂಡಸರು ಕಾಯುತ್ತಿದ್ದರು. ಭಾವ ಮಾತು ಮುಗಿಸಿದರು.

ಚರ್ಮ ಸುಲಿಯುತ್ತಾ ಬೆನ್ನಿನ ಹತ್ತಿರ ಬಂದಾಗ ಶಾರ್ಶೆನ್‌ನ ಹರಟೆ ನಿಂತಿತು. ಬೆನ್ನೆಲುಬಿನ ಬಲಗಡೆ ಮಾಂಸ ಚೆನ್ನಾಗಿ ಕೆಂಪಗಿತ್ತು. ಎಡಗಡೆ, ಜೀನು ಕೂರುವ ಜಾಗದಲ್ಲಿ, ಅಂಗೈ ಅಗಲ ಕಪ್ಪಗೆ ಕಂದಿ ಒಳಗೆ ಕೀವು ಕಟ್ಟಿತ್ತು. ಅವನು ಅದರ ಮೇಲೆ ಬೇಗ ಚರ್ಮ ಎಳೆದ.

"ಮುಚ್ಚಬೇಡ," ಅಂದರು ಭಾವ.

ಕುಕ್ಕರಗಾಲಲ್ಲಿ ಕೂತು ಅದರ ಮೇಲೆ ಕೈ ಇಟ್ಟರು. ಹಿಂದಿನ ದಿನ ಸೊಸೆ ಕೇಳಿದ್ದೂ ಇಷ್ಟೇ, ಮುಟ್ಟಿ ನೋಡಲಾ ಎಂದು. ಗಂಡಸರು ಒಬ್ಬೊಬ್ಬರೇ ಬೇರೆ ಕಡೆ ತಿರುಗಿದರು, ಒಬ್ಬ ಆಕಾಶ ನೋಡಿದ, ಇನ್ನೊಬ್ಬ ತನ್ನ ಬೂಟು ನೋಡಿಕೊಂಡ. ನನಗೋ, ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ವರ್ಷವಿಡೀ ನೋಡುತ್ತಾ ಮರ್ಯಾದೆ ಅಂತ ಸುಮ್ಮನಿದ್ದೆವಲ್ಲ, ಆ ಮರ್ಯಾದೆಯ ಬಣ್ಣ ಅದು.

ಸಂಜೆ ಊಟಕ್ಕೆ ಎಲ್ಲರೂ ಕೂತರು. ಸೊಂಟದ ಮೂಳೆಯ ತುಂಡು ಕೂತವರಲ್ಲಿ ಹಿರಿಯರಿಗೆ ಸಲ್ಲಬೇಕು. ಅದನ್ನು ಭಾವನ ಮುಂದೆ ಇಟ್ಟರು. ಅವರು ತಟ್ಟೆ ಎತ್ತಿಕೊಂಡು ಎದ್ದರು, ಬಾಗಿಲ ಹತ್ತಿರ ಚಹಾ ಬಸಿಯುತ್ತಿದ್ದ ಸೊಸೆಯ ಕಡೆ ನಡೆದು ಅವಳ ಕೈಗೆ ಕೊಟ್ಟರು. ನಮ್ಮ ಮನೆತನದಲ್ಲಿ ಸೊಸೆಯಾದವಳಿಗೆ ಆ ತುಂಡು ಸಿಕ್ಕಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ.

"ತಿನ್ನು ಮಗಳೇ. ನನಗೆ ಇಳಿಯಲ್ಲ ಇದು." ಅವರ ಕಣ್ಣು ನೆಲದ ಮೇಲಿತ್ತು. "ನಾಳೆ ನನ್ನನ್ನ ಹತ್ತಿಸಿ ನೋಡು. ಎಲ್ಲಿ ಡೊಂಕಾಗ್ತೀನಿ ಹೇಳು. ಎಲ್ಲರ ಎದುರಿಗೇ ಹೇಳು, ಪರವಾಗಿಲ್ಲ. ಕಲೀತೀನಿ."

ಐಜಾರ್ಕಿನ್ ತಟ್ಟೆ ಹಿಡಿದು ನಿಂತಿದ್ದಳು. ಕಣ್ಣು ತುಂಬಿತ್ತು. "ಆಗ್ಲಿ ಅಪ್ಪಾ, ನೋಡ್ತೀನಿ," ಅಂದಳು. ಆಮೇಲೆ, ಪಾಠ ಹೇಳಿ ಅಭ್ಯಾಸವಾದವಳಲ್ಲವೇ, ತಿವಿಯಬೇಕೆಂದಲ್ಲ, ಬಾಯಿ ತಪ್ಪಿ ಕೇಳಿಬಿಟ್ಟಳು:

"ಯಾವ ಕುದುರೆ ಮೇಲೆ?"