ಗಾಳಿಗೆ ಜಗ್ಗದ ಸರ್ವೋ

"ಸ್ವಲ್ಪ ಓರೆ ಮಾಡಿ, ಇನ್ನೂ ಸ್ವಲ್ಪ" ಎಂದು ಬಸ್ ಡ್ರೈವರ್ ಹೇಳುತ್ತಲೇ ಇದ್ದ. ರೆಕ್ಕೆ ಮಾತ್ರ ಬಾಗಿಲು ದಾಟಲೊಲ್ಲದು. ಅದರ ಒಂದು ತುದಿ ಬೇಕರಿಯವನ ಕೈಯಲ್ಲಿತ್ತು, ಇನ್ನೊಂದು ಹಲ್ಲಿನ ಡಾಕ್ಟರ ಕೈಯಲ್ಲಿ. ಮೂವರೂ ಒಟ್ಟಿಗೆ ವಿಮಾನ ಹಾರಿಸುವ ಗೆಳೆಯರು. ಹೊರಗೆ ಆಸ್ಪತ್ರೆಯ ವ್ಯಾನು ಕಾಯುತ್ತಿತ್ತು. ಅದರೊಳಗೆ ಮಲಗಿದ್ದವನೇ ಈ ರೆಕ್ಕೆಯನ್ನು ಕಟ್ಟಿದವನು. ನಡುಮನೆಯ ತುಂಬ ಅವನ ರಿಮೋಟು ವಿಮಾನವೇ ಹರಡಿಕೊಂಡಿದ್ದರಿಂದ ಅವನನ್ನು ಮಲಗಿಸಲು ಅವನ ಮನೆಯಲ್ಲೇ ಜಾಗವಿರಲಿಲ್ಲ.

ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಬೆಳಿಗ್ಗೆಯಿಂದ ಅತ್ತು ಕಣ್ಣು ಊದಿಕೊಂಡಿದ್ದರೂ ಅವಳಿಗೆ ಒಳಗೊಳಗೇ ನಗು ಬಂತು. "ಕಿಟಕಿಯಿಂದ ತೆಗೀರಿ. ಅವರು ಒಳಗೆ ತಂದದ್ದೂ ಹಾಗೇನೇ" ಎಂದಳು.

ಸತ್ತವನಿಗೆ ಕನ್ನಡಕದ ಅಂಗಡಿಯಿತ್ತು. ಊರಿಗೆಲ್ಲ ಅವನು ಚಾಳೀಸಣ್ಣ. ಹಿಂದಿನ ದಿನ ಅಂಗಡಿಯಲ್ಲಿ ಒಬ್ಬ ಮುದುಕಿಯ ಮೂಗಿಗೆ ಹೊಸ ಕನ್ನಡಕ ಏರಿಸಿ, "ಈಗ ಚೆನ್ನಾಗಿ ಕಾಣುತ್ತಾ?" ಎಂದು ಕೇಳಿದನಂತೆ. ಅವಳು ಕಾಣುತ್ತೆ ಅಂದಳಂತೆ. ಅವನು ಸಮಾಧಾನದಿಂದ ಕುರ್ಚಿಗೊರಗಿದವನು ಮತ್ತೆ ಏಳಲಿಲ್ಲ. ಅಂಥ ಸಾವು ಯಾರಿಗುಂಟು ಯಾರಿಗಿಲ್ಲ ಎಂದು ಬಂದವರೆಲ್ಲ ಹೇಳಿದರು. ಅವಳಿಗೂ ಹಾಗೇ ಅನಿಸಿತು, ಆದರೆ ಅದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ.

ರೆಕ್ಕೆ ಕಿಟಕಿ ದಾಟಿ ಅಂಗಳಕ್ಕೆ ಇಳಿಯಿತು. ಅವನನ್ನು ವ್ಯಾನಿನಿಂದ ಇಳಿಸಿ ನಡುಮನೆಗೆ ತಂದರು. ಮಗಳು ದೂರದೂರಿನಿಂದ ಮಧ್ಯಾಹ್ನಕ್ಕೆ ಬರುವವಳಿದ್ದಳು. ಅವಳು ಮುಖ ನೋಡಿದ ಮೇಲೆಯೇ ಸ್ಮಶಾನಕ್ಕೆ ಹೊರಡುವುದೆಂದು ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಕಾಯುವುದೊಂದೇ ಕೆಲಸ.

ಕೆಲಸವಿಲ್ಲದೆ ಕೂರುವುದು ಸತ್ತವನ ತಮ್ಮನ ಜಾಯಮಾನವಲ್ಲ. ಅವನದು ಕುರ್ಚಿ ಮೇಜುಗಳ ದೊಡ್ಡ ಅಂಗಡಿ. ಅಂಗಳದಲ್ಲಿ ಬಿಸಿಲಿಗೆ ಹೊಳೆಯುತ್ತಿದ್ದ ವಿಮಾನವನ್ನು ಸುತ್ತು ಹಾಕಿ ಬಂದು ಅತ್ತಿಗೆಯ ಹತ್ತಿರ ಮೆಲ್ಲಗೆ ಮಾತು ತೆಗೆದ. "ಅತ್ತಿಗೆ, ಇದನ್ನ ನನ್ನ ಅಂಗಡಿಯ ಸೂರಿಗೆ ನೇತುಹಾಕ್ತೀನಿ. ಅಣ್ಣನ ನೆನಪಿಗೆ ಇರುತ್ತೆ. ಸಂಜೆ ಲಾರಿ ಕಳಿಸ್ತೀನಿ."

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಒಮ್ಮೆಯೂ ಹಾರದ ವಿಮಾನ ಸೋಫಾಗಳ ಮೇಲೆ ಧೂಳು ಹಿಡಿಯುತ್ತ ತೂಗುವುದನ್ನು ನೆನೆದರೆ ಅವಳಿಗೆ ಗಂಡ ಸತ್ತದ್ದು ಇನ್ನೊಂದು ಸಲ ಗೊತ್ತಾದ ಹಾಗಾಯಿತು.

* * *

ಹಿಂದಿನ ವಿಮಾನ ಹಾರಿತ್ತು. ಹಾರಿ, ಮೈದಾನದ ನಡುವೆ ಮೂತಿ ಊರಿ ಬಿದ್ದಿತ್ತು. ಕಾರಣ ಒಂದು ಸರ್ವೋ.

ಸರ್ವೋ ಎಂದರೇನೆಂದು ಮದುವೆಯಾದ ಹೊಸದರಲ್ಲಿ ಅವನು ಅವಳಿಗೆ ಬೆಂಕಿಪೆಟ್ಟಿಗೆ ತೋರಿಸಿ ವಿವರಿಸಿದ್ದ. ಇಷ್ಟೇ ದೊಡ್ಡ ಪೆಟ್ಟಿಗೆ. ಒಳಗೊಂದು ಮೋಟಾರು, ಹಲ್ಲಿನ ಚಕ್ರಗಳು, ಹೊರಗೊಂದು ಪುಟ್ಟ ತೋಳು. ನೆಲದ ಮೇಲೆ ನಿಂತವನು ರಿಮೋಟಿನ ಕಡ್ಡಿಯನ್ನು ಎಷ್ಟು ವಾಲಿಸುತ್ತಾನೋ ಮೇಲೆ ಆ ತೋಳು ಅಷ್ಟೇ ತಿರುಗಬೇಕು, ರೆಕ್ಕೆಯ ಅಂಚಿನ ಪಟ್ಟಿಯನ್ನೋ ಬಾಲವನ್ನೋ ಅಷ್ಟೇ ಎಳೆದು ಹಿಡಿಯಬೇಕು. ಸಣ್ಣ ವಿಮಾನಕ್ಕೆ ಎಂಥದ್ದಾದರೂ ನಡೆಯುತ್ತದೆ. ದೊಡ್ಡದಕ್ಕೆ ಹಾಗಲ್ಲ. ಗಾಳಿ ಆ ಪಟ್ಟಿಯನ್ನು ತಳ್ಳುತ್ತಲೇ ಇರುತ್ತದೆ, ಸರ್ವೋ ಸೋತಿತೋ ವಿಮಾನ ನೆಲಕ್ಕೆ.

ಬಿದ್ದ ದಿನ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದವನು, "ವಿಮಾನದ್ದೇನೂ ತಪ್ಪಿಲ್ಲ ಕಣೇ, ನಾನು ಆರಿಸಿದ್ದು ತಪ್ಪು" ಎಂದಿದ್ದ. ಅಂದಿನಿಂದ ಅವನದೊಂದು ಹೊಸ ಪದ್ಧತಿ ಶುರುವಾಯಿತು. ಯಾವ ಸರ್ವೋ ತಂದರೂ ಮೊದಲು ಮನೆಗೆಲಸಕ್ಕೆ ಹಚ್ಚುವುದು. ಅಲ್ಲಿ ಗೆದ್ದರೆ ಮಾತ್ರ ಆಕಾಶಕ್ಕೆ ಬಡ್ತಿ.

ಪರದೆ ಎಳೆಯಲು ಒಂದು ಜಾತಿಯವು ಬಂದವು. ಬಟ್ಟೆ ಒಣಹಾಕುವ ಹಗ್ಗ ಏರಿಸಲು ಇನ್ನೊಂದು ಜಾತಿ. ಪಡುವಣ ಗೋಡೆಯ ಮೇಲೆ ಸಾಲಾಗಿದ್ದ ಗಾಳಿಕಿಂಡಿಗಳನ್ನು ತೆರೆಯಲು ಮತ್ತೊಂದು. ಸಕ್ಕರೆ ಡಬ್ಬಿಯ ಮುಚ್ಚಳ ಎತ್ತಲೂ ಒಂದಿತ್ತು. ಅದು ಎತ್ತಿದ ರಭಸಕ್ಕೆ ಮುಚ್ಚಳ ಹಾರಿ ಅತ್ತೆಯ ಹಣೆಗೆ ಬಡಿದು, ಆ ಜಾತಿ ಅಂದೇ ಕೆಲಸ ಕಳೆದುಕೊಂಡಿತು. ನೆಂಟರು ಮೂಗು ಮುರಿದರು. ಅವಳು ಮಾತ್ರ ಬಂದ ಸೊಸೆಯಂದಿರ ಗುಣ ಅಳೆಯುವ ಹಾಗೆ ಒಂದೊಂದನ್ನೂ ನೋಡುತ್ತ ಬಂದಳು.

* * *

ಅಂಗಳದಲ್ಲಿ ದನಿ ಏರಿತು. ವಿಮಾನಕ್ಕೆ ಎಲ್ಲ ಇದೆ, ಎಂಜಿನ್ ಕೂತಿದೆ, ಬಣ್ಣ ಆಗಿದೆ, ಸರ್ವೋಗಳ ಗೂಡುಗಳು ಮಾತ್ರ ಖಾಲಿ. ಚಾಳೀಸಣ್ಣ ಯಾವುದನ್ನು ಹಾಕಬೇಕೆಂದಿದ್ದ ಎಂದು ಯಾರೋ ಕೇಳಿದ್ದೇ ತಪ್ಪಾಯಿತು. ಬಲ ಮುಖ್ಯ, ಹಗ್ಗ ಏರಿಸುವಂಥದ್ದನ್ನೇ ಹಾಕ್ತೀನಿ ಅಂತ ನನಗೆ ಮಾತು ಕೊಟ್ಟಿದ್ದ ಎಂದ ಡ್ರೈವರ್. ಬೇಕರಿಯವನು ಸುತಾರಾಂ ಒಪ್ಪಲಿಲ್ಲ. ವೇಗ ಮುಖ್ಯ, ಪರದೆಯದೇ ಸರಿ ಎಂದು ತನ್ನ ಬ್ರೆಡ್ಡು ತಿನ್ನುತ್ತ ಅವನೇ ಒಪ್ಪಿಕೊಂಡಿದ್ದನಂತೆ. ಹಲ್ಲಿನ ಡಾಕ್ಟರು ಇಬ್ಬರನ್ನೂ ಕನಿಕರದಿಂದ ನೋಡಿದರು. ವಿದೇಶದಿಂದ ತಾವು ತರಿಸಿಕೊಡಬೇಕಾಗಿದ್ದದ್ದು ಬೇರೆಯೇ ಎಂದೂ, ಅದು ನಿಮ್ಮ ಬಾಯಿಂದಲೇ ಬರಬೇಕಿತ್ತು ಡಾಕ್ಟ್ರೇ ಎಂದು ಅವನು ಕೈ ಹಿಡಿದುಕೊಂಡಿದ್ದನೆಂದೂ ಹೇಳಿದರು.

ಮೂವರೂ ಮುಖ ಮುಖ ನೋಡಿಕೊಂಡರು. ಕನ್ನಡಕದಂಗಡಿಯವನು ಯಾವ ಗಿರಾಕಿಗೂ ಇಲ್ಲ ಎಂದವನಲ್ಲ. ಡ್ರೈವರ್ ಮೊದಲು ನಕ್ಕ, ಆಮೇಲೆ ಮೂವರೂ ನಕ್ಕರು. ಒಳಗೆ ಹೆಣವಿದೆ ಎಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ.

ಅವಳು ಮೆಟ್ಟಿಲಿಳಿದು ಬಂದಳು. "ಇವತ್ತೇ ಹಾರಿಸಬೇಕು" ಎಂದಳು. "ಮೈದಾನ ಸ್ಮಶಾನದ ಹಾದಿಯಲ್ಲೇ ಇದೆ. ಅವರು ಮಣ್ಣಿಗೆ ಹೋಗೋ ಮೊದಲು ಇದು ಮೇಲೆ ಹೋಗ್ಬೇಕು."

ನಗು ಥಟ್ಟನೆ ನಿಂತಿತು. ಪರೀಕ್ಷೆಯಿಲ್ಲದೆ ಇಷ್ಟು ದೊಡ್ಡ ವಿಮಾನ ಹಾರಿಸುವುದುಂಟೆ ಎಂದು ಡಾಕ್ಟರು ತಲೆಯಾಡಿಸಿದರು. ಮೈದುನ ಓಡಿಬಂದ. "ಅತ್ತಿಗೆ, ಊರೆಲ್ಲ ನೋಡ್ತಿರುವಾಗ ಅದು ಬಿದ್ದುಹೋದ್ರೆ? ಅಣ್ಣನ ಇಷ್ಟು ವರ್ಷದ ಕೆಲಸ ಅವನೆದುರಿಗೇ ಪುಡಿಯಾಗಲ್ವಾ?"

ಅದೇ ಭಯ ಅವಳಿಗೂ ಇತ್ತು. ಆದರೂ, "ಬಿದ್ರೆ ತುಂಡುಗಳನ್ನ ನಿನ್ನ ಅಂಗಡೀಲಿ ನೇತುಹಾಕು" ಎಂದಳು.

* * *

ಹಿಂದೊಂದು ಸಂಜೆ ಅವಳು ಹಿಟ್ಟು ಕಲಸುತ್ತಿದ್ದಾಗ ಗಂಡ ಎದುರಿಗೆ ಕುಳಿತಿದ್ದ. ಮೂವರ ಮಾತೂ ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ ಎಂದ. ಮೀನಮೇಷ ಎಣಿಸುವುದರಲ್ಲೇ ಎರಡು ಬೇಸಿಗೆ ಕಳೆದವು ಎಂದು ತನ್ನನ್ನೇ ಬೈದುಕೊಂಡ. ಕೊನೆಗೆ, "ದಿನಾ ಅವುಗಳ ಜೊತೆ ಏಗೋಳು ನೀನು. ನೀನೇ ಹೇಳು, ಯಾವುದು ಹಾಕಲಿ?" ಎಂದು ಕೇಳಿದ.

ಅವಳಿಗೆ ಉತ್ತರ ಗೊತ್ತಿತ್ತು. ಕೈಯ ಹಿಟ್ಟು ಉದುರಿಸಿ ಬಾಯಿ ತೆರೆಯುವಷ್ಟರಲ್ಲಿ ಅವನೇ ಎದ್ದು ನಿಂತ. "ಬೇಡ, ಈಗ್ಲೇ ಹೇಳಬೇಡ" ಎಂದ. "ಗೊತ್ತಾಗಿಬಿಟ್ರೆ ಹಾಕಬೇಕಾಗುತ್ತೆ. ಹಾಕಿದ್ರೆ ಹಾರಿಸಬೇಕಾಗುತ್ತೆ. ಇನ್ನೊಂದು ಸಲ ಬೀಳೋದನ್ನ ನೋಡೋ ಶಕ್ತಿ ನನಗಿಲ್ಲ ಕಣೇ."

ಅವಳಿಗೆ ಅವನ ಮೇಲೆ ಅಕ್ಕರೆ ಉಕ್ಕಿತು. ಇಷ್ಟು ವಯಸ್ಸಾದ ಮೇಲೂ ಗಂಡ ಹೀಗೆ ಹೆದರಿ ಅಡುಗೆಮನೆಗೆ ಬರುವುದು ಅವಳಿಗೆ ಇಷ್ಟವಾಗಿತ್ತು. ಕೇಳಿದಾಗ ಹೇಳೋಣ ಎಂದು ಸುಮ್ಮನಾದಳು. ಅವನು ಮತ್ತೆ ಕೇಳಲಿಲ್ಲ.

* * *

"ಹಗ್ಗದ್ದು ಬೇಡ" ಎಂದಳು ಈಗ. "ಬಲ ಇದೆ, ಆದ್ರೆ ಸುಮ್ಮನಿದ್ದಾಗ್ಲೂ ನಡುಗುತ್ತೆ. ಮಧ್ಯಾಹ್ನದ ಹೊತ್ತಿಗೆ ಮುಟ್ಟಕ್ಕಾಗದಷ್ಟು ಕಾಯುತ್ತೆ. ಪರದೆಯದು ಚುರುಕು, ಬೆಕ್ಕು ಎಳೆದ್ರೂ ಬಿಟ್ಟುಕೊಡುತ್ತೆ. ಗಾಳಿಕಿಂಡಿಯವನ್ನ ಹಾಕಿ."

"ಅಲ್ಲೂ ಸರ್ವೋ ಇದೆಯಾ?" ಎಂದ ಬೇಕರಿಯವನು.

"ಇದೆ ಅನ್ನೋದೇ ಮರೆತುಹೋಗುತ್ತೆ. ಪಡುವಣದ ಗಾಳಿಗೆ ಬಾಗಿಲೇ ಬಡ್ಕೊಳ್ಳುತ್ತೆ, ಆ ಕಿಂಡಿಗಳು ಮಾತ್ರ ಎಷ್ಟು ತೆರೆದಿಟ್ಟಿದ್ವೋ ಅಷ್ಟೇ ಇರುತ್ವೆ."

ವಿದೇಶದ ಮಾತೆತ್ತಿದ್ದ ಡಾಕ್ಟರೇ ಮೊದಲು ಏಣಿ ಹತ್ತಿದರು. ಇಳಿಸಿದ ಒಂದನ್ನು ಅಲ್ಲೇ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಚಕ್ರಗಳನ್ನು ಒಂದೊಂದಾಗಿ ನೋಡಿದರು. "ಹಲ್ಲು ಸವೆದಿಲ್ಲ, ಅಲ್ಲಾಡ್ತಿಲ್ಲ. ಇಂಥ ಹಲ್ಲು ನನ್ನ ಪೇಷೆಂಟ್ ಯಾರಿಗೂ ಇಲ್ಲ" ಎಂದರು. ಆಮೇಲೆ ಎಲ್ಲರೂ ಕೈ ಹಾಕಿದರು. ಹೂವು ತಂದವರು ಹೂವನ್ನು ಬದಿಗಿಟ್ಟು ಸ್ಕ್ರೂ ಹಿಡಿದುಕೊಂಡು ನಿಂತರು. ಸಾವಿನ ಮನೆಯೋ ಗ್ಯಾರೇಜೋ ಎಂದು ಹೊಸದಾಗಿ ಬಂದವರಿಗೆ ಗೊಂದಲವಾಯಿತು. ಮೈದುನನೂ ಅಂಗಿಯ ತೋಳು ಮಡಿಸಿ ಬಂದ. ಮರಕ್ಕೆ ಸ್ಕ್ರೂ ಬಿಗಿಯುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

ಮಗಳು ಬಂದಳು. ಅಪ್ಪನ ಮುಖ ನೋಡಿ, ಅಮ್ಮನನ್ನು ತಬ್ಬಿ ಬಹಳ ಹೊತ್ತು ಅತ್ತಳು. ಆಮೇಲೆ ಅಂಗಳಕ್ಕೆ ಹೋಗಿ ರೆಕ್ಕೆಯ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಅದು ಜಗ್ಗಲಿಲ್ಲ. "ಅಪ್ಪ ಕೊನೆಗೂ ಆರಿಸಿದ್ರಾ?" ಎಂದಳು.

"ನನ್ನನ್ನ ಕೇಳಿದ್ರು" ಎಂದಳು ತಾಯಿ.

ಮೈದಾನಕ್ಕೆ ತಲುಪಿದಾಗ ಬಿಸಿಲು ಇಳಿದಿತ್ತು, ಗಾಳಿ ಎದ್ದಿತ್ತು. ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರು ಹಾದಿಯಂಚಿನಲ್ಲಿ ನಿಂತರು. ಇಳಿಸಿ ಕಾಯಿರಿ ಎಂದರೆ, ಪರವಾಗಿಲ್ಲ, ಒಂದು ನಿಮಿಷಕ್ಕೆ ಯಾಕೆ ಎಂದರು. ಡ್ರೈವರ್ ರಿಮೋಟನ್ನು ಎದೆಗೆ ತಂದುಕೊಂಡ. ಎಂಜಿನ್ ಗುಡುಗಿತು. ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿ, ಇನ್ನೇನು ಬೇಲಿಗೆ ಬಡಿಯಿತು ಅನ್ನುವಾಗ ನೆಲ ಬಿಟ್ಟಿತು. ಅವಳು ಮಗಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಮರಗಳ ಮಟ್ಟ ದಾಟುತ್ತಲೇ ಗಾಳಿ ಅಡ್ಡಲಾಗಿ ಹೊಡೆಯಿತು. ಒಂದು ರೆಕ್ಕೆ ಕೆಳಗಾಯಿತು. ಜನರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು. ಡ್ರೈವರ್ ಹೆಬ್ಬೆರಳನ್ನು ಇಷ್ಟೇ ಇಷ್ಟು ಸರಿಸಿದ. ಮೇಲೆ, ಕಣ್ಣಿಗೆ ಕಾಣದ ಪುಟ್ಟ ತೋಳೊಂದು ಪಟ್ಟಿಯನ್ನು ಎಳೆದು ಹಿಡಿಯಿತು, ಬಿಡಲಿಲ್ಲ. ವಿಮಾನ ಮೆಲ್ಲಗೆ ನೆಟ್ಟಗಾಗಿ, ದೊಡ್ಡದೊಂದು ಸುತ್ತಿಗೆ ಹೊರಳಿತು.

ಅವಳು ಕಣ್ಣೊರೆಸಿಕೊಂಡು ಗಂಡನ ಕಡೆ ನೋಡಿದಳು. ಹೊತ್ತ ನಾಲ್ವರೂ ಬಾಯಿ ತೆರೆದು ಆಕಾಶ ನೋಡುತ್ತಿದ್ದರು. ವಿಮಾನ ಸುತ್ತಿದ ಹಾಗೆಲ್ಲ ಅವರೂ ಗೊತ್ತಿಲ್ಲದೆ ಹೆಜ್ಜೆ ಬದಲಿಸುತ್ತ ಅದರ ಜೊತೆಗೇ ತಿರುಗುತ್ತಿದ್ದರು. ಅವರ ಹೆಗಲ ಮೇಲೆ, ಮುಖ ಮೇಲೆ ಮಾಡಿಕೊಂಡು, ಅವನೂ ನಿಧಾನವಾಗಿ ತಿರುಗುತ್ತಿದ್ದ.