ವಾರಿಜಳ ಚರಣ

ಅಪ್ಪನ ಕುತ್ತಿಗೆಗೆ ಸುತ್ತಿದ ಕೆಂಪು ಶಾಲಿನ ಗಂಟು ಬಿಗಿಯಾಯಿತೆಂದು ಶಶಿಪ್ರಭಾ ಅದನ್ನು ಬಿಚ್ಚಿ, ಸಡಿಲ ಮಾಡಿ ಮತ್ತೆ ಕಟ್ಟಿದಳು. ಉಸಿರೇ ಇಲ್ಲದವನಿಗೆ ಬಿಗಿಯೇನು, ಸಡಿಲವೇನು. ಕ್ಯಾನ್ಸರಿಗೆಂದು ಡಾಕ್ಟರು ಗಂಟಲಲ್ಲಿ ಕೊರೆದ ತೂತು ಕಾಣಬಾರದು, ಅಷ್ಟೆ. ಮೂರು ವರ್ಷ ಮುಂಡಪ್ಪ ಆ ತೂತಿನಲ್ಲೇ ಉಸಿರಾಡಿದ್ದ. ಒಂದು ಮಾತೂ ಆಡಿರಲಿಲ್ಲ.

ವಿಟ್ಲದಾಚೆಯ ಆ ಸಣ್ಣ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಬೀಡಿ ಕಟ್ಟುವ ಹೆಂಗಸರು. ಹೆಚ್ಚಿನವರ ಸೊಂಟದಲ್ಲಿ ಬೀಡಿಯೆಲೆ ಕತ್ತರಿಸುವ ಕತ್ತರಿ ಸಿಕ್ಕಿಕೊಂಡಿತ್ತು. ಬೀಡಿ ಸಂಘದ ಕಮಲಾಕ್ಷ ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದ. ಮುಂಡಪ್ಪನ ಜೊತೆ ನಲವತ್ತು ವರ್ಷ ಮೈಕ್ ಹೊತ್ತು ತಿರುಗಿದವನು.

"ಶಶೀ, ಗಾಡಿ ಈಗ ಬರ್ತದೆ. ಎತ್ತುವ ಮೊದಲು ಒಂದು ಹಾಡು ಹೇಳುವ ಅಂತ ಉಂಟು."

"ಯಾವ ಹಾಡು, ಕಮಲಾಕ್ಷಣ್ಣ?"

"ಯಾವುದಂತ ಕೇಳ್ತೀಯಲ್ಲ ಮಾರಾಯ್ತಿ! ಚಾಟ್ ಹಾಡು."

"ಹೇಳಿ. ಆದರೆ ಅಮ್ಮನ ಚರಣ ಬೇಡ."

ಕಮಲಾಕ್ಷ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದ. "ಅದಿಲ್ಲದೆ ಆ ಹಾಡು ಎಲ್ಲಿ ಉಂಟು?"

"ಇಲ್ಲದಿದ್ದರೆ ಬೇಡ. ಅದು ಸುಳ್ಳು ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು. ಅಪ್ಪನನ್ನು ಆ ಸುಳ್ಳು ಹೇಳಿ ಕಳಿಸುವುದು ಬೇಡ. ಇದೊಂದು ದಿನ ಬಿಟ್ಟುಬಿಡಿ."

ಅವನು ಹೆಣದ ಮುಖ ನೋಡಿದ. "ಆಯಿತು, ಹೇಳ್ತೇನೆ ಅವರಿಗೆ," ಎಂದು ಹೊರಗೆ ಹೋದ.

* * *

ಮುಂಡಪ್ಪನೂ ಮೊದಲು ಬೀಡಿ ಕಟ್ಟುತ್ತಿದ್ದವನೇ. ಎಲೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಬೆತ್ತದ ತಡ್ಪೆಯನ್ನು ಒಂದು ದಿನ ಮಗುಚಿ ಹಾಕಿ ಬಡಿಯತೊಡಗಿದ; ಮತ್ತೆ ಅದರಲ್ಲಿ ಬೀಡಿ ಕಟ್ಟಲೇ ಇಲ್ಲ. ಹೆಗಲಿಗಿಳಿದ ಕೂದಲು, ಚಪ್ಪಲಿಯಿಲ್ಲದ ಕಾಲು. ದೇವರಿಗೂ ಧಣಿಗಳಿಗೂ ಒಂದೇ ರಾಗದಲ್ಲಿ ಬೈಯುತ್ತಿದ್ದ. ಲಾರಿಯ ಮೇಲೆ ಹಾಡಿದ, ಜೈಲಿನಲ್ಲಿ ಹಾಡಿದ. ಮೂಡುಬಿದಿರೆಯಲ್ಲಿ ಸನ್ಮಾನಕ್ಕೆ ಕರೆದರೆ ಹೊದೆಸಿದ ಶಾಲನ್ನು ಅಲ್ಲೇ ಪೆಂಡಾಲು ಕಟ್ಟಿದವನ ಹೆಗಲಿಗೆ ಹಾಕಿ ಬಂದ. ಅವನು ಹಾಡುವಾಗ ಹೆಂಗಸರು ಕತ್ತರಿ ಎತ್ತಿ ಕಟ್, ಕಟ್ ಎಂದು ತಾಳ ಹಾಕುವುದೇ ರೂಢಿಯಾಯಿತು. ನೂರು ಕತ್ತರಿ ಒಟ್ಟಿಗೆ ಕಚ್ಚುವ ಸದ್ದಿಗೆ ಪೊಲೀಸರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಕಂಪೆನಿಯವರು ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ, ಸರಿಯಿಲ್ಲವೆಂದು ಬದಿಗೆಸೆದ ಬೀಡಿಗೆ ಚಾಟ್ ಎನ್ನುತ್ತಾರೆ. ಕಟ್ಟಿದವಳಿಗೆ ಅದರ ಕೂಲಿಯಿಲ್ಲ. ಚಾಟ್ ಹಾಡಿನ ಮೂರನೆಯ ಚರಣ ಮುಂಡಪ್ಪ ತನ್ನ ಹೆಂಡತಿಯ ಮೇಲೆ ಕಟ್ಟಿದ್ದು:

ಬ್ರಾಂಚಿನ ಮೆಟ್ಟಿಲಲಿ ವಾರಿಜ ಬಿದ್ದಳು,
ಬಿದ್ದರೂ ಕೈಯ ಕತ್ತರಿ ಬಿಡಳು.

ಅವಳು ಅಲ್ಲೇ ಸತ್ತಳೆಂದು ಜನ ನಂಬಿದರು, ವರ್ಷಕ್ಕೊಮ್ಮೆ ಅವಳ ಹೆಸರಿನಲ್ಲಿ ಬಾವುಟ ಹಾರುತ್ತಿತ್ತು. ಅವಳು ಸತ್ತ ತಿಂಗಳು ಬ್ರಾಂಚಿನ ಮೆಟ್ಟಿಲು ಹತ್ತಿಯೇ ಇರಲಿಲ್ಲ.

* * *

ಏಳು ತಿಂಗಳ ಬಸುರಿ ವಾರಿಜಳಿಗೆ ಅಂದು ಬೆಳಿಗ್ಗೆಯೇ ರಕ್ತ ಕಂಡಿತ್ತು. ಸಂಘಕ್ಕೆ ಇದ್ದದ್ದು ಒಂದೇ ಜೀಪು. ಬೆಳ್ತಂಗಡಿಯ ಮುಷ್ಕರಕ್ಕೆ ಹೊರಟು ನಿಂತಿದ್ದ ಮುಂಡಪ್ಪ, "ಎರಡು ಹಾಡು ಹೇಳಿ ಮಧ್ಯಾಹ್ನಕ್ಕೆ ಜೀಪು ತರ್ತೇನೆ, ಆಸ್ಪತ್ರೆಗೆ ಹೋಗುವ," ಎಂದು ಹೋದ. ಎರಡು ಹಾಡು ಮುಗಿದಾಗ ಜನ "ಇನ್ನೊಂದು" ಎಂದರು. ಮೈಕ್ ಹಿಡಿದಿದ್ದ ಕಮಲಾಕ್ಷನೂ "ಇನ್ನೊಂದು" ಎಂದ. ಜನ ಕೇಳಿದರೆ ಮುಂಡಪ್ಪ ಯಾವತ್ತೂ ಇಲ್ಲ ಎಂದವನಲ್ಲ. ಜೀಪು ಮನೆಗೆ ಬಂದಾಗ ಸಂಜೆ ಐದು. ವಾರಿಜ ಪ್ರಾಣ ಬಿಟ್ಟು ಒಂದು ಗಂಟೆಯಾಗಿತ್ತು. ಶಶಿಪ್ರಭಾಳಿಗೆ ಆಗ ಒಂಬತ್ತು ವರ್ಷ.

ತಿಂಗಳ ನಂತರದ ಸಭೆಯಲ್ಲಿ ಅವಳು ಆ ಚರಣವನ್ನು ಮೊದಲ ಸಲ ಕೇಳಿದಳು. ಅಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದ, ಹೆಂಗಸರು ಅಳುತ್ತಿದ್ದರು. ಅವಳಿಗೆ ಅಳು ಬರಲಿಲ್ಲ, ಅಸಹ್ಯವಾಯಿತು. ಮದುವೆಯಾಗಿ ಶಿರ್ತಾಡಿಗೆ ಹೋದ ಮೇಲೆ ಅಪ್ಪನ ಯಾವ ಸಭೆಗೂ ಅವಳು ಬರಲಿಲ್ಲ. ದನಿ ಹೋದ ಮೇಲೆ ಮಾತ್ರ ಬಂದು ನೋಡಿಕೊಂಡಳು.

* * *

ನೆರೆಮನೆಯ ಆಯಿಶಮ್ಮ ಗೋಡೆ ಹಿಡಿದುಕೊಂಡು ಬಂದು ಶಶಿಪ್ರಭಾಳ ಪಕ್ಕ ಕುಳಿತಳು. ಎಂಬತ್ತು ದಾಟಿದ ಮುದುಕಿ. ಬೀಡಿ ಬಿಟ್ಟು ಹತ್ತು ವರ್ಷವಾದರೂ ಅವಳ ಬೆರಳುಗಳು ಸುಮ್ಮನಿರುವುದಿಲ್ಲ, ಮಡಿಲಲ್ಲಿ ತಾವೇ ಎಲೆ ಸುತ್ತುತ್ತವೆ.

"ಚರಣ ಬೇಡ ಅಂದೆಯಂತೆ, ಮಗಾ."

"ಹೌದು."

"ಬೈಬೇಡ, ಹೇಳ್ತೇನೆ. ಆ ಚರಣ ಬಂದ ಮೇಲೆ ಬ್ರಾಂಚಿನವರು ಚಾಟ್ ಎಸೆಯಲಿಕ್ಕೆ ಹೆದರಿದ್ರು. ನನ್ನ ಮಕ್ಕಳು ಹೊಟ್ಟೆ ತುಂಬ ಉಂಡದ್ದು ಆಮೇಲೆ. ವಾರಿಜ ನನ್ನ ತೊಡೆಯ ಮೇಲೆ ಸತ್ತದ್ದು. ಆದರೂ ನಾನು ಬಾಯಿ ಮುಚ್ಚಿ ಕತ್ತರಿ ತಟ್ಟಿದೆ."

"ಅಮ್ಮ ಕೊನೆಗೆ ಕೇಳಿದ್ದು ನೆನಪುಂಟಾ ನಿಮಗೆ?"

"ಜೀಪು ಬಂತಾ ಅಂತ ಮೂರು ಸಲ ಕೇಳಿದಳು." ಮುದುಕಿಯ ಬೆರಳು ನಿಲ್ಲಲಿಲ್ಲ. "ಬಂತು ಅಂತ ನೀನು ಹೇಳಿದೆ."

"ಬಂದಿರಲಿಲ್ಲ," ಎಂದಳು ಶಶಿಪ್ರಭಾ. ಬೆಳಿಗ್ಗೆಯಿಂದ ಒಣಗಿದ್ದ ಕಣ್ಣು ಆಗ ತುಂಬಿತು.

* * *

ಹೆಣವನ್ನು ಅಂಗಳಕ್ಕೆ ತಂದು ಬೆಂಚಿನ ಮೇಲೆ ಮಲಗಿಸಿದರು. ಎದೆಯ ಮೇಲೆ ತಡ್ಪೆ ಇಟ್ಟರು. ಕಮಲಾಕ್ಷ ಎಲ್ಲರಿಗೂ ಕೇಳುವ ಹಾಗೆ, "ಮೂರನೆಯ ಚರಣ ಹೇಳುವುದಿಲ್ಲ. ಅಲ್ಲಿ ಬರೀ ಕತ್ತರಿ. ಮಗಳ ಮಾತು," ಎಂದ. ಹೆಂಗಸರು ತಲೆಯಾಡಿಸಿ ಕತ್ತರಿ ಎತ್ತಿದರು. ಆಯಿಶಮ್ಮನಿಗೂ ಯಾರೋ ಒಂದು ಕೊಟ್ಟರು.

ಮೊದಲನೆಯ ಚರಣ ಆಯಿತು, ಎರಡನೆಯದೂ ಆಯಿತು. ಕಮಲಾಕ್ಷ ಕೈಯೆತ್ತಿ ಸನ್ನೆ ಮಾಡಿದ. ಎರಡು ತಾಳ ಬರೀ ಕತ್ತರಿಯ ಸದ್ದು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರದೋ ಬಾಯಿ ತಪ್ಪಿತು. ನಲವತ್ತು ವರ್ಷ ಹಾಡಿದ ಬಾಯಿ, ಸುಮ್ಮನಿರೆಂದರೆ ಕೇಳೀತೇ? 'ವಾರಿಜ ಬಿದ್ದಳು' ಎನ್ನುವಷ್ಟರಲ್ಲಿ ಇಡೀ ಅಂಗಳ ಹಾಡುತ್ತಿತ್ತು. ಎತ್ತಿದ ಕೈಯನ್ನು ಕಮಲಾಕ್ಷ ಮೆಲ್ಲನೆ ಇಳಿಸಿದ. ಸ್ವಲ್ಪ ಹೊತ್ತಿಗೆ ಅವನೂ ಹಾಡಿದ.

ಗೇಟಿನ ಹತ್ತಿರ ಆಂಬುಲೆನ್ಸ್ ಬಂದು ನಿಂತಿತು. "ಬಂತು, ಗಾಡಿ ಬಂತು," ಎಂದು ಯಾರೋ ಕೂಗಿದರು.

"ನಿಲ್ಲಲಿಕ್ಕೆ ಹೇಳಿ," ಎಂದಳು ಮುಂದೆ ನಿಂತು ಅಳುತ್ತಿದ್ದ ಹೆಂಗಸು. "ಇನ್ನೊಂದು ಸಲ."

ಗಾಡಿ ಕಾಯುತ್ತ ನಿಂತಿತು. ಅಂಗಳ ಮತ್ತೆ ಬ್ರಾಂಚಿನ ಮೆಟ್ಟಿಲಿನಿಂದ ಶುರುಮಾಡಿತು. ಶಶಿಪ್ರಭಾ ಕಿವಿ ಮುಚ್ಚಿಕೊಳ್ಳಲು ಕೈಯೆತ್ತಿದವಳು ಪಕ್ಕಕ್ಕೆ ನೋಡಿದಳು. ಆಯಿಶಮ್ಮನ ತುಟಿ ಬಿಗಿದಿತ್ತು. ಬಲಗೈ ಮಾತ್ರ ಅವಳ ಮಾತು ಕೇಳದೆ ತಾಳಕ್ಕೆ ಸರಿಯಾಗಿ ಕತ್ತರಿಯನ್ನು ಒತ್ತುತ್ತಲೇ ಇತ್ತು. ಸದ್ದಾಗಬಾರದೆಂದು ಮುದುಕಿ ಎಡಗೈಯ ತೋರುಬೆರಳನ್ನು ಅದರ ಎರಡು ಅಲಗುಗಳ ನಡುವೆ ಇಟ್ಟುಕೊಂಡಿದ್ದಳು.